ಪರಿಸರ ಪರಿಣಾಮ ಮೌಲ್ಯಮಾಪನ: ವರದಿಯನ್ನು ಯಾವ ಆಧಾರದ ಮೇಲೆ ನಂಬಬೇಕು?

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ಓದಿದವನು. ಅಭಿವೃದ್ಧಿ ಯೋಜನೆಗಳ ಪ್ರಸ್ತಾವಗಳನ್ನು ಪರಿಶೀಲಿಸುವ ತಂಡವೊಂದಕ್ಕೆ ಇತ್ತೀಚೆಗೆ ಸೇರಿದ್ದೇನೆ. ಪ್ರತಿ ಪ್ರಸ್ತಾವದ ಜೊತೆಗೂ ನೂರಾರು ಪುಟಗಳ ಪರಿಸರ ಪರಿಣಾಮ ಮೌಲ್ಯಮಾಪನ ವರದಿ ಬರುತ್ತದೆ. ಈ ಮೌಲ್ಯಮಾಪನ ನಿಜಕ್ಕೂ ಏನು, ಅದು ಹೇಗೆ ನಡೆಯಬೇಕು? ಯೋಜನೆ ಹಾಕಿಕೊಂಡವರೇ ಹಣ ಕೊಟ್ಟು ಬರೆಸುವ ವರದಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಭಾಗವೇ ಹೆಚ್ಚು ಮುಖ್ಯವಾದದ್ದು. ಆದರೆ ಅದಕ್ಕೆ ನ್ಯಾಯವಾಗಿ ಉತ್ತರಿಸಬೇಕಾದರೆ ಮೊದಲ ಭಾಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ. ಅಣೆಕಟ್ಟು, ಹೆದ್ದಾರಿ, ಗಣಿ, ಉಷ್ಣವಿದ್ಯುತ್ ಸ್ಥಾವರ, ಬಂದರು ಇಂತಹ ಯಾವುದೇ ದೊಡ್ಡ ಕಾಮಗಾರಿಗೆ ಒಪ್ಪಿಗೆ ಕೊಡುವ ಮೊದಲು, ಅದರಿಂದ ನೆಲ, ನೀರು, ಗಾಳಿ, ಜೀವಸಂಕುಲ ಮತ್ತು ಜನರ ಬದುಕಿನ ಮೇಲೆ ಏನೇನು ಆಗಬಹುದೆಂದು ಕ್ರಮಬದ್ಧವಾಗಿ ಅಂದಾಜಿಸಿ, ಆ ಅಂದಾಜನ್ನು ನಿರ್ಧಾರ ಕೈಗೊಳ್ಳುವವರ ಮುಂದೆಯೂ ಸಾರ್ವಜನಿಕರ ಮುಂದೆಯೂ ಇಡುವ ಪ್ರಕ್ರಿಯೆಗೆ ಪರಿಸರ ಪರಿಣಾಮ ಮೌಲ್ಯಮಾಪನ ಎನ್ನುತ್ತೇವೆ. ಜಾಗ ಗೊತ್ತಾಗಿ, ಯಂತ್ರಗಳಿಗೆ ಬೇಡಿಕೆ ಸಲ್ಲಿಕೆಯಾಗಿ, ಸಾಲ ಮಂಜೂರಾದ ಮೇಲೆ ತಯಾರಾಗುವ ವರದಿ ಎಷ್ಟೇ ವಿದ್ವತ್ಪೂರ್ಣವಾಗಿದ್ದರೂ ಅದು ಆಗಲೇ ಆಗಿಹೋದ ತೀರ್ಮಾನಕ್ಕೆ ಬರೆದ ಸಮರ್ಥನೆಯಾಗಿ ಉಳಿಯುತ್ತದೆ.

‘ಪರಿಣಾಮ’ವನ್ನು ಅಳೆಯುವ ಬಗೆಯನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಿ. ಯೋಜನೆ ಬಂದರೆ ಮುಂದೆ ಇರುವ ಸ್ಥಿತಿಗೂ, ಯೋಜನೆ ಬಾರದಿದ್ದರೆ ಅದೇ ಕಾಲಕ್ಕೆ ಇರುತ್ತಿದ್ದ ಸ್ಥಿತಿಗೂ ನಡುವಿನ ವ್ಯತ್ಯಾಸವೇ ಪರಿಣಾಮ. ಬಹಳಷ್ಟು ವರದಿಗಳು ‘ಇಂದಿನ ಸ್ಥಿತಿ’ ಮತ್ತು ‘ಮುಂದಿನ ಸ್ಥಿತಿ’ಗಳನ್ನು ಹೋಲಿಸಿ ಸುಮ್ಮನಾಗುತ್ತವೆ. ಒಂದು ಪ್ರದೇಶದ ಅಂತರ್ಜಲ ಯೋಜನೆಯಿಲ್ಲದೆಯೂ ವರ್ಷ ವರ್ಷ ಇಳಿಯುತ್ತಿದ್ದರೆ, ಇಂದಿನ ಮಟ್ಟವನ್ನು ಆಧಾರವಾಗಿಟ್ಟುಕೊಂಡ ಹೋಲಿಕೆಯು ಎಲ್ಲ ಕುಸಿತವನ್ನೂ ಯೋಜನೆಯ ತಲೆಗೆ ಕಟ್ಟುತ್ತದೆ. ಬತ್ತಿದ ಜೌಗು ಭೂಮಿ ತಾನಾಗಿಯೇ ಚೇತರಿಸಿಕೊಳ್ಳುತ್ತಿದ್ದರೆ ಅದೇ ಹೋಲಿಕೆ ಯೋಜನೆಯಿಂದ ಆಗುವ ನಷ್ಟವನ್ನು ಮರೆಮಾಡುತ್ತದೆ. ಯೋಜನೆಯಿಲ್ಲದ ಭವಿಷ್ಯ ಯಾರ ಕಣ್ಣಿಗೂ ಕಾಣುವಂಥದ್ದಲ್ಲ, ಅದನ್ನೂ ಅಂದಾಜು ಮಾಡಿಯೇ ಬರೆಯಬೇಕು. ಆ ಅಂದಾಜು ಇಲ್ಲದ ವರದಿಯಲ್ಲಿ ಮುಂದಿನ ಎಲ್ಲ ಲೆಕ್ಕಗಳಿಗೂ ತಳಪಾಯವಿರುವುದಿಲ್ಲ.

ಕಾನೂನಿನ ಚರಿತ್ರೆಯನ್ನು ಚುಟುಕಾಗಿ ಹೇಳುವುದಾದರೆ, ಇದರ ಆರಂಭ ಅಮೆರಿಕದಲ್ಲಿ. 1969ರಲ್ಲಿ ಅಲ್ಲಿನ ಸಂಸತ್ತು ಒಪ್ಪಿದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ 1970ರ ಜನವರಿ 1ರಂದು ಅಧ್ಯಕ್ಷರ ಸಹಿ ಬಿತ್ತು. ಪರಿಸರದ ಮೇಲೆ ಗಣನೀಯ ಪರಿಣಾಮ ಬೀರುವ ಯಾವುದೇ ಪ್ರಮುಖ ಕೆಲಸಕ್ಕೆ ಮುನ್ನ ಕೇಂದ್ರ ಸರ್ಕಾರದ ಸಂಸ್ಥೆಗಳು ವಿವರವಾದ ಹೇಳಿಕೆಯನ್ನು ಸಿದ್ಧಪಡಿಸಬೇಕು, ಅದರಲ್ಲಿ ಪರ್ಯಾಯಗಳನ್ನೂ ಚರ್ಚಿಸಬೇಕು ಎಂದು ಅದು ವಿಧಿಸಿತು. ಯುರೋಪಿನ ರಾಷ್ಟ್ರಗಳು 1985ರ ನಿರ್ದೇಶನದ ಮೂಲಕ ಇದನ್ನು ಅಳವಡಿಸಿಕೊಂಡವು. ಗಡಿ ದಾಟುವ ಪರಿಣಾಮಗಳಿಗಾಗಿ 1991ರಲ್ಲಿ ಫಿನ್ಲೆಂಡಿನ ಎಸ್ಪೂ ನಗರದಲ್ಲಿ ಒಪ್ಪಂದವಾಯಿತು. 1992ರ ರಿಯೊ ಘೋಷಣೆಯ 17ನೇ ತತ್ತ್ವ ಇದನ್ನು ರಾಷ್ಟ್ರಗಳ ಹೊಣೆಯೆಂದು ಸಾರಿತು. ಭಾರತದಲ್ಲಿ 1994ರ ಅಧಿಸೂಚನೆ, ಬಳಿಕ ಅದರ ಜಾಗಕ್ಕೆ 2006ರ ಅಧಿಸೂಚನೆ ಬಂದವು. ಉರುಗ್ವೆ ನದಿಯ ದಡದ ಕಾಗದ ತಿರುಳಿನ ಕಾರ್ಖಾನೆಗಳ ಬಗ್ಗೆ ಅರ್ಜೆಂಟೀನಾ ಹೂಡಿದ್ದ ದಾವೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 2010ರ ಏಪ್ರಿಲ್‌ನಲ್ಲಿ ತೀರ್ಪಿತ್ತು. ಹಂಚಿಕೊಂಡ ಸಂಪನ್ಮೂಲಕ್ಕೆ ಗಣನೀಯ ಹಾನಿಯ ಅಪಾಯವಿರುವಲ್ಲಿ ಇಂತಹ ಮೌಲ್ಯಮಾಪನ ನಡೆಸುವುದು ಸಾಮಾನ್ಯ ಅಂತರರಾಷ್ಟ್ರೀಯ ಕಾನೂನಿನ ಅಗತ್ಯವೆಂದೇ ಪರಿಗಣಿಸಬಹುದು ಎಂದು ಆ ತೀರ್ಪು ಹೇಳಿತು. ದೇಶದಿಂದ ದೇಶಕ್ಕೆ ನಿಯಮಗಳ ವಿವರ ಬದಲಾಗುತ್ತದೆ. ಆದರೆ ಹಂತಗಳ ಅನುಕ್ರಮ ಎಲ್ಲೆಡೆಯೂ ಹೆಚ್ಚು ಕಡಿಮೆ ಒಂದೇ.

ಮೊದಲ ಹಂತ ಯಾವ ಯೋಜನೆಗೆ ಪೂರ್ಣ ಅಧ್ಯಯನ ಬೇಕು, ಯಾವುದಕ್ಕೆ ಬೇಡ ಎಂಬ ಜರಡಿ ಹಿಡಿಯುವ ಕೆಲಸ. ಸಾಮಾನ್ಯವಾಗಿ ಕಾನೂನಿನ ಪಟ್ಟಿಯೊಂದು ಯೋಜನೆಯ ಬಗೆ ಮತ್ತು ಗಾತ್ರವನ್ನು ನೋಡಿ ಇದನ್ನು ಹೇಳಿಬಿಡುತ್ತದೆ. ಗಾತ್ರ ಒಂದನ್ನೇ ನೋಡುವುದರಲ್ಲಿ ಇರುವ ಅಪಾಯವನ್ನು ಯುರೋಪಿನ ನ್ಯಾಯಾಲಯ 1999ರಲ್ಲಿ ಐರ್ಲೆಂಡಿನ ವಿರುದ್ಧದ ಪ್ರಕರಣದಲ್ಲಿ ಎತ್ತಿ ತೋರಿಸಿತು. ಪೀಟ್ ಎಂಬ ಜೌಗು ಮಣ್ಣನ್ನು ತೆಗೆಯುವಂತಹ ಕೆಲಸಗಳಿಗೆ ಆ ದೇಶ ಕೇವಲ ವಿಸ್ತೀರ್ಣದ ಮಿತಿಯನ್ನು ಗೊತ್ತುಮಾಡಿತ್ತು. ಜಾಗ ಎಷ್ಟು ಸೂಕ್ಷ್ಮ, ಸುತ್ತಲಿನ ಇಂತಹ ಇತರ ಕೆಲಸಗಳ ಜೊತೆ ಸೇರಿದರೆ ಏನಾಗುತ್ತದೆ ಎಂಬುದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಮಿತಿಗಿಂತ ಚೂರು ಕಡಿಮೆ ಗಾತ್ರದ ತುಂಡುಗಳಾಗಿ ದೊಡ್ಡ ಯೋಜನೆಯನ್ನು ಒಡೆದು ಸಲ್ಲಿಸುವ ಚಾಳಿಗೆ ಇಂತಹ ಮಿತಿಗಳೇ ದಾರಿ ಮಾಡಿಕೊಡುತ್ತವೆ. ಮಿತಿಗೆ ಅನುಮಾನಾಸ್ಪದವಾಗಿ ಹತ್ತಿರವಿರುವ ಪ್ರಸ್ತಾವ ನಿಮ್ಮ ಕೈಗೆ ಬಂದಾಗ ಪಕ್ಕದ ಜಮೀನಿನ ಪ್ರಸ್ತಾವ ಯಾರ ಹೆಸರಿನಲ್ಲಿದೆ ಎಂದು ನೋಡುವುದನ್ನು ರೂಢಿಸಿಕೊಳ್ಳಿ.

ಎರಡನೆಯದು ವ್ಯಾಪ್ತಿಯ ನಿರ್ಧಾರ, ಅಂದರೆ ಸ್ಕೋಪಿಂಗ್. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕ್ರಿಯೆಯ ಅಳಿವು ಉಳಿವು ಇಲ್ಲಿಯೇ ತೀರ್ಮಾನವಾಗುತ್ತದೆ. ಆದರೆ ಎಲ್ಲರೂ ಬೇಗ ಮುಗಿಸಿಬಿಡುವ ಹಂತವೂ ಇದೇ. ಯಾವ ಪ್ರಶ್ನೆಗಳಿಗೆ ಅಧ್ಯಯನ ಉತ್ತರ ಹುಡುಕಬೇಕು, ಎಷ್ಟು ದೂರದವರೆಗೆ, ಎಷ್ಟು ವರ್ಷಗಳವರೆಗೆ ನೋಡಬೇಕು ಎಂಬುದನ್ನು ಇಲ್ಲಿ ಗೊತ್ತುಮಾಡಲಾಗುತ್ತದೆ. ಇಲ್ಲಿ ಬಿಟ್ಟುಹೋದ ಪ್ರಶ್ನೆ ಮುಂದೆ ಸಾಮಾನ್ಯವಾಗಿ ಮರಳಿ ಬರುವುದಿಲ್ಲ, ಏಕೆಂದರೆ ಸಮೀಕ್ಷಾ ತಂಡಕ್ಕೆ ಹಣ ಮಂಜೂರಾಗುವುದು ಈ ಪಟ್ಟಿಗೆ ತಕ್ಕಂತೆ. ಯೋಜನಾ ಸ್ಥಳದ ಸುತ್ತ ಇಷ್ಟು ಕಿಲೋಮೀಟರ್ ಎಂದು ಕೈವಾರ ಇಟ್ಟು ವೃತ್ತ ಎಳೆಯುವುದು ಆಡಳಿತಕ್ಕೆ ಸುಲಭವಾದ ಕ್ರಮ. ಪರಿಣಾಮಗಳು ಮಾತ್ರ ವೃತ್ತಾಕಾರವಾಗಿ ಹರಡುವುದಿಲ್ಲ. ಹೊಗೆ ಗಾಳಿ ಬೀಸುವ ದಿಕ್ಕಿಗೆ ಹೋಗುತ್ತದೆ, ಕಲುಷಿತ ನೀರು ಹರಿವಿನ ಜೊತೆ ಕೆಳಗಿಳಿಯುತ್ತದೆ, ಸದ್ದು ಕಣಿವೆಯ ಆಕಾರವನ್ನು ಅನುಸರಿಸುತ್ತದೆ, ಹೊಸ ರಸ್ತೆಯ ಎರಡೂ ಬದಿಗೆ ಕಾಡು ತೆರವಾಗುವುದು ರಸ್ತೆಯ ಉದ್ದಕ್ಕೂ.

ಇದಕ್ಕೆ ಈಜಿಪ್ಟಿನ ಆಸ್ವಾನ್ ಹೈ ಡ್ಯಾಮ್‌ಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. 1960ರ ದಶಕದ ನಡುವಿನಲ್ಲಿ ಅದು ನೈಲ್ ನದಿಯ ವಾರ್ಷಿಕ ಪ್ರವಾಹವನ್ನು ತಡೆದು ನಿಲ್ಲಿಸಿದ ಕೂಡಲೇ, ಅಣೆಕಟ್ಟಿನಿಂದ ನೂರಾರು ಕಿಲೋಮೀಟರ್ ದೂರದ ಮೆಡಿಟರೇನಿಯನ್ ಕರಾವಳಿಯಲ್ಲಿ ಸಾರ್ಡೀನ್ ಮೀನಿನ ಇಳುವರಿ ಕುಸಿದುಬಿದ್ದಿತು. ಪ್ರವಾಹದ ನೀರು ಹೊತ್ತು ತರುತ್ತಿದ್ದ ಪೋಷಕಾಂಶಗಳಿಂದ ಸಮುದ್ರದಲ್ಲಿ ಸೂಕ್ಷ್ಮ ಸಸ್ಯಗಳು ಹೆಚ್ಚುತ್ತಿದ್ದವು, ಅವುಗಳ ಆಧಾರದ ಮೇಲೆ ಮೀನು ಬದುಕುತ್ತಿತ್ತು. ಅಣೆಕಟ್ಟಿನ ಹಿಂದೆ ಹೂಳು ನಿಂತದ್ದರಿಂದ ನದೀಮುಖಜ ಭೂಮಿಯ ಅಂಚೂ ಕೊಚ್ಚಿಹೋಗತೊಡಗಿತು. ಕುತೂಹಲದ ಸಂಗತಿಯೆಂದರೆ, 1980ರ ದಶಕದ ಹೊತ್ತಿಗೆ ಮೀನುಗಾರಿಕೆ ಚೇತರಿಸಿಕೊಂಡಿತು. ಹೊಲಗಳಿಂದ ಹರಿದ ರಾಸಾಯನಿಕ ಗೊಬ್ಬರ ಮತ್ತು ಬೆಳೆದ ನಗರಗಳ ಕೊಳಚೆ ನೀರು ಹಳೆಯ ಪೋಷಕಾಂಶಗಳ ಜಾಗವನ್ನು ತುಂಬಿದ್ದೇ ಇದಕ್ಕೆ ಮುಖ್ಯ ಕಾರಣ ಎಂಬುದು ವಿಜ್ಞಾನಿಗಳ ವಿವರಣೆ. ಯೋಜನೆಯ ಸುತ್ತ ಎಳೆದ ಯಾವ ವೃತ್ತವೂ ಈ ಸರಪಳಿಯನ್ನು ಹಿಡಿಯಲಾರದು. ಕಾರಣದಿಂದ ಕಾರ್ಯಕ್ಕೆ, ಆ ಕಾರ್ಯದಿಂದ ಮತ್ತೊಂದು ಕಾರ್ಯಕ್ಕೆ ಎಳೆ ಹಿಡಿದು ಹೋಗುವ ವಿಧಾನ ಮಾತ್ರ ಹಿಡಿಯಬಲ್ಲದು.

ಮೂರನೆಯದು ಮೂಲಸ್ಥಿತಿಯ ಅಧ್ಯಯನ. ವರದಿಗಳ ಅತ್ಯಂತ ದಪ್ಪ ಭಾಗವೂ ಇದೇ, ಓದುಗರ ಸಮಯವನ್ನು ಹೆಚ್ಚು ಹಾಳುಮಾಡುವ ಭಾಗವೂ ಇದೇ. ಸಿಕ್ಕಿದ ಸಸ್ಯಗಳ, ಪಕ್ಷಿಗಳ ಪಟ್ಟಿಯನ್ನು ಪುಟಗಟ್ಟಲೆ ಕೊಟ್ಟು, ಆ ಪಟ್ಟಿಯ ಯಾವ ಅಂಶವನ್ನೂ ಮುಂದಿನ ವಿಶ್ಲೇಷಣೆಯಲ್ಲಿ ಬಳಸದ ವರದಿಗಳು ಸಾಮಾನ್ಯ. ಒಳ್ಳೆಯ ಮೂಲಸ್ಥಿತಿಯ ಅಧ್ಯಯನಕ್ಕೆ ಮೂರು ಗುಣಗಳು ಬೇಕು. ಅದು ಋತುಗಳನ್ನು ಒಳಗೊಂಡಿರಬೇಕು, ಏಕೆಂದರೆ ಒಣ ತಿಂಗಳಲ್ಲಿ ನೋಡಿದ ಹಳ್ಳ ಮಳೆಗಾಲದಲ್ಲಿ ಬೇರೆಯೇ ಜೀವಿಗಳ ನೆಲೆಯಾಗಿರುತ್ತದೆ, ವಲಸೆ ಹಕ್ಕಿಗಳು ವರ್ಷದ ಕೆಲವೇ ವಾರ ಬರುತ್ತವೆ. ಸ್ಕೋಪಿಂಗ್‌ನಲ್ಲಿ ಎದ್ದ ಪ್ರಶ್ನೆಗಳಿಗೆ ಅದು ಸಂಬಂಧಪಟ್ಟಿರಬೇಕು. ಮುಂದೆ ಯೋಜನೆ ನಡೆಯುವಾಗ ಅದೇ ಜಾಗಗಳಲ್ಲಿ, ಅದೇ ವಿಧಾನದಿಂದ ಮತ್ತೆ ಅಳೆಯಲು ಬರುವಂತೆಯೂ ಅದನ್ನು ರೂಪಿಸಿರಬೇಕು. ಈ ಮೂರನೆಯದನ್ನು ಬಹುತೇಕರು ಮರೆಯುತ್ತಾರೆ. ಯೋಜನೆಯ ಪ್ರಭಾವಕ್ಕೆ ಒಳಗಾಗುವ ಜಾಗದ ಜೊತೆಗೆ, ಎಲ್ಲ ರೀತಿಯಲ್ಲೂ ಅದನ್ನು ಹೋಲುವ ಆದರೆ ಪ್ರಭಾವ ತಲುಪದ ಇನ್ನೊಂದು ಜಾಗದಲ್ಲೂ ಮೊದಲು ಮತ್ತು ನಂತರ ಅಳೆಯುವ ವಿನ್ಯಾಸವನ್ನು ಪರಿಸರ ವಿಜ್ಞಾನಿಗಳು ದಶಕಗಳಿಂದ ಬಳಸುತ್ತಿದ್ದಾರೆ. ಬರಗಾಲದಿಂದ ಆದ ಬದಲಾವಣೆಯನ್ನೂ ಕಾರ್ಖಾನೆಯಿಂದ ಆದ ಬದಲಾವಣೆಯನ್ನೂ ಬೇರ್ಪಡಿಸಲು ಇದಕ್ಕಿಂತ ಸರಳವಾದ ಉಪಾಯವಿಲ್ಲ.

ಇನ್ನು ಮುನ್ನಂದಾಜಿನ ಹಂತ. ನೀವು ಎಂಜಿನಿಯರ್ ಆಗಿರುವುದರಿಂದ ಇಲ್ಲಿ ನಿಮಗೆ ಅನುಕೂಲವಿದೆ. ನದಿಗೆ ಸೇರುವ ಸಾವಯವ ತ್ಯಾಜ್ಯದ ಪರಿಣಾಮವನ್ನು ಲೆಕ್ಕ ಹಾಕಲು ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲಿ ಒಹಾಯೊ ನದಿಯ ಅಧ್ಯಯನದಿಂದ ರೂಪಿಸಿದ ಸಮೀಕರಣವನ್ನು ನೀವು ಓದಿಯೇ ಇರುತ್ತೀರಿ. ತ್ಯಾಜ್ಯವನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸುತ್ತಾ ಹೋಗುತ್ತವೆ, ಅದೇ ಹೊತ್ತಿಗೆ ಗಾಳಿಯಿಂದ ಹೊಸ ಆಮ್ಲಜನಕ ನೀರಿಗೆ ಸೇರುತ್ತಿರುತ್ತದೆ. ಈ ಎರಡರ ಪೈಪೋಟಿಯಲ್ಲಿ ಆಮ್ಲಜನಕ ಕನಿಷ್ಠಕ್ಕೆ ಇಳಿಯುವ ಬಿಂದು ತ್ಯಾಜ್ಯ ಸೇರುವ ಜಾಗದಲ್ಲಿ ಇರುವುದಿಲ್ಲ. ಅದು ಎಷ್ಟೋ ದೂರ ಕೆಳಗೆ, ನೀರು ಕೆಲವು ಗಂಟೆಗಳಿಂದ ಕೆಲವು ದಿನಗಳವರೆಗೆ ಹರಿದ ಮೇಲೆ ಬರುತ್ತದೆ. ಹೊರಹರಿವಿನ ಕೊಳವೆಯ ಪಕ್ಕದಲ್ಲೇ ಮಾದರಿ ತೆಗೆದು ‘ನೀರು ಮಾನದಂಡದೊಳಗಿದೆ’ ಎಂದು ಬರೆಯುವವರು ಸುಳ್ಳು ಹೇಳದೆಯೂ ತಪ್ಪು ದಾರಿಗೆ ಎಳೆಯುತ್ತಾರೆ.

ಅದೇ ಲೆಕ್ಕದಲ್ಲಿ ಯಾವ ಹರಿವನ್ನು ಇಟ್ಟುಕೊಂಡಿದ್ದಾರೆ ಎಂಬುದನ್ನೂ ನೋಡಬೇಕು. ವಾರ್ಷಿಕ ಸರಾಸರಿ ಹರಿವು ಮಳೆಗಾಲದ ಹೊಳೆಯನ್ನೂ ಬೇಸಿಗೆಯ ತೊರೆಯನ್ನೂ ಬೆರೆಸಿಬಿಡುತ್ತದೆ. ಹತ್ತು ವರ್ಷಗಳಿಗೊಮ್ಮೆ ಬರುವ, ಸತತ 7 ದಿನಗಳ ಕನಿಷ್ಠ ಹರಿವನ್ನು ಆಧಾರವಾಗಿ ಇಟ್ಟುಕೊಳ್ಳುವ ಪದ್ಧತಿ ಅಮೆರಿಕದಲ್ಲಿ ಬಳಕೆಯಲ್ಲಿರುವುದು ಈ ಕಾರಣಕ್ಕಾಗಿಯೇ. ಜೊತೆಗೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲುದಾದರೆ 30 ಡಿಗ್ರಿಯಲ್ಲಿ ಆ ಪ್ರಮಾಣ ಸುಮಾರು 7.5ಕ್ಕೆ ಇಳಿಯುತ್ತದೆ, ಕೊಳೆಯುವ ವೇಗ ಮಾತ್ರ ಏರುತ್ತದೆ. ಹರಿವು ಕಡಿಮೆ, ನೀರು ಬಿಸಿ, ಕೊಳೆಯುವಿಕೆ ಜೋರು, ಈ ಮೂರೂ ಒಟ್ಟಿಗೆ ಬರುವ ವಾರಗಳಲ್ಲಿಯೇ ಮೀನು ಸಾಯುವುದು. ವರ್ಷದ ಸರಾಸರಿಯಲ್ಲಿ ಆ ವಾರಗಳು ಕಾಣಿಸುವುದೇ ಇಲ್ಲ.

ಸದ್ದಿನ ವಿಷಯದಲ್ಲೂ ಅಂಕಿಗಳು ಹೀಗೆಯೇ ಮೋಸ ಮಾಡುತ್ತವೆ. ಡೆಸಿಬೆಲ್ ಲಾಗರಿದಮಿಕ್ ಅಳತೆಯಾದ್ದರಿಂದ ರಸ್ತೆಯ ವಾಹನ ಸಂಚಾರ ಇಮ್ಮಡಿಯಾದರೆ ಅಂಕಿ ಸುಮಾರು 3ರಷ್ಟು ಮಾತ್ರ ಏರುತ್ತದೆ. ‘ಕೇವಲ 3 ಡೆಸಿಬೆಲ್ ಹೆಚ್ಚಳ’ ಎಂಬ ಸಾಲನ್ನು ಓದಿದಾಗ, ಶಬ್ದದ ಶಕ್ತಿ ಎರಡು ಪಟ್ಟಾಗಿದೆ ಎಂದು ಮನಸ್ಸಿನಲ್ಲಿ ತಿದ್ದಿಕೊಂಡು ಓದಿ. ಕಿವಿಗೆ ಅದು ಎರಡು ಪಟ್ಟು ಜೋರಾಗಿ ಕೇಳಿಸುವುದಿಲ್ಲ ಎಂಬುದೂ ನಿಜ. ಆದ್ದರಿಂದ ಯಾವ ಹೊತ್ತಿನಲ್ಲಿ, ಯಾರ ಕಿವಿಗೆ ಎಂಬ ವಿವರ ಅಂಕಿಯ ಜೊತೆಗೇ ಇರಬೇಕು.

ಅಳತೆಯ ನಂತರ ತೀರ್ಪಿನ ಪ್ರಶ್ನೆ ಬರುತ್ತದೆ. ಎಷ್ಟು ಬದಲಾವಣೆಯಾಗುತ್ತದೆ ಎಂಬುದನ್ನು ವಿಜ್ಞಾನ ಹೇಳಬಹುದು. ಅಷ್ಟು ಬದಲಾವಣೆ ಗಂಭೀರವೇ ಅಲ್ಲವೇ ಎಂಬುದು ಮೌಲ್ಯಗಳಿಗೆ ಸಂಬಂಧಿಸಿದ್ದು. ಇವೆರಡನ್ನೂ ಬೇರೆಯಾಗಿ ಬರೆಯುವಂತೆ ಮಾಡಿದ್ದು ಅಮೆರಿಕದ ಭೂವಿಜ್ಞಾನಿ ಲೂನಾ ಲಿಯೊಪೋಲ್ಡ್ ಮತ್ತು ಸಹೋದ್ಯೋಗಿಗಳು 1971ರಲ್ಲಿ ಸೂಚಿಸಿದ ಕೋಷ್ಟಕದ ದೊಡ್ಡ ಗುಣ. ಒಂದು ಬದಿಯಲ್ಲಿ 100 ಬಗೆಯ ಚಟುವಟಿಕೆಗಳು, ಇನ್ನೊಂದು ಬದಿಯಲ್ಲಿ ಪರಿಸರದ 88 ಅಂಶಗಳು, ಒಟ್ಟು 8,800 ಚೌಕಗಳು. ಪರಿಣಾಮವಿರುವ ಪ್ರತಿ ಚೌಕದಲ್ಲೂ ಅದರ ಪ್ರಮಾಣಕ್ಕೊಂದು, ಮಹತ್ವಕ್ಕೊಂದು ಎಂದು 1ರಿಂದ 10ರವರೆಗಿನ ಎರಡು ಅಂಕಗಳು. ಯಾವುದನ್ನೂ ಮರೆಯದಿರಲು ಇದು ಬಹಳ ಒಳ್ಳೆಯ ಸಾಧನ. ಆದರೆ ನಂತರ ಬಂದ ಹಲವರು ಈ ಅಂಕಗಳನ್ನು ಗುಣಿಸಿ, ಕೂಡಿಸಿ, ಇಡೀ ಯೋಜನೆಗೆ ಒಂದು ಮೊತ್ತವನ್ನು ಹೊರಡಿಸತೊಡಗಿದರು. ಉದ್ಯೋಗ ಸೃಷ್ಟಿಗೆ ಕೂಡು 40, ಕಾಡಿನ ನಾಶಕ್ಕೆ ಕಳೆ 35, ಆದ್ದರಿಂದ ಯೋಜನೆ ಒಳ್ಳೆಯದು ಎಂಬಂತಹ ಲೆಕ್ಕವನ್ನು ಕಂಡರೆ ಆ ಪುಟವನ್ನು ನೇರವಾಗಿ ಬದಿಗಿಡಬಹುದು ಎಂಬುದು ನನ್ನ ಅಭಿಪ್ರಾಯ. ಲಾಭ ಸಿಗುವವರೂ ನಷ್ಟ ಅನುಭವಿಸುವವರೂ ಬೇರೆ ಬೇರೆಯಾಗಿರುವಾಗ ಅವರಿಬ್ಬರ ಅಂಕಗಳನ್ನು ಕೂಡಿಸುವ ಅಧಿಕಾರವನ್ನು ಸಲಹೆಗಾರರಿಗೆ ಯಾರೂ ಕೊಟ್ಟಿರುವುದಿಲ್ಲ.

ಪರ್ಯಾಯಗಳ ಅಧ್ಯಾಯಕ್ಕೆ ಈಗ ಬರೋಣ. ಬೇರೆ ಜಾಗ, ಬೇರೆ ತಂತ್ರಜ್ಞಾನ, ಚಿಕ್ಕ ಗಾತ್ರ, ಯೋಜನೆಯನ್ನೇ ಕೈಬಿಡುವುದು, ಇವೆಲ್ಲವನ್ನೂ ಪ್ರಾಮಾಣಿಕವಾಗಿ ಹೋಲಿಸಿದ್ದರೆ ಮಾತ್ರ ಮೌಲ್ಯಮಾಪನಕ್ಕೆ ಯೋಜನೆಯನ್ನು ಬದಲಿಸುವ ಶಕ್ತಿ ಬರುತ್ತದೆ. ಅಲಾಸ್ಕಾದ ತೈಲ ಕೊಳವೆ ಮಾರ್ಗದ ಕಥೆ ಇದಕ್ಕೆ ಸಾಕ್ಷಿ. ಸುಮಾರು 1,290 ಕಿಲೋಮೀಟರ್ ಉದ್ದದ ಕೊಳವೆಯ ಹೆಚ್ಚಿನ ಭಾಗವನ್ನು ನೆಲದಡಿ ಹೂಳುವುದು ಕಂಪನಿಗಳ ಮೊದಲ ಯೋಚನೆಯಾಗಿತ್ತು. ಬಿಸಿ ತೈಲ ಹರಿಯುವ ಕೊಳವೆ ವರ್ಷವಿಡೀ ಹೆಪ್ಪುಗಟ್ಟಿರುವ ನೆಲವನ್ನು ಕರಗಿಸಿ, ನೆಲ ಕುಸಿದು ಕೊಳವೆಯೇ ಮುರಿಯಬಹುದೆಂದು ಭೂವಿಜ್ಞಾನಿಗಳು ಎಚ್ಚರಿಸಿದರು. ಹೊಸ ಪರಿಸರ ಕಾಯ್ದೆಯ ಆಧಾರದ ಮೇಲೆ 1970ರಲ್ಲಿ ನ್ಯಾಯಾಲಯ ತಡೆ ನೀಡಿತು. 1972ರಲ್ಲಿ ಹಲವು ಸಂಪುಟಗಳ ಅಂತಿಮ ಹೇಳಿಕೆ ಬಂತು. 1977ರಲ್ಲಿ ತೈಲ ಹರಿಯತೊಡಗಿದಾಗ ಕೊಳವೆಯ ಅರ್ಧಕ್ಕಿಂತ ಹೆಚ್ಚು ಭಾಗ ನೆಲದಿಂದ ಮೇಲೆ, ಕಂಬಗಳ ಮೇಲೆ ನಿಂತಿತ್ತು. ಕಂಬಗಳಿಂದ ನೆಲಕ್ಕೆ ಶಾಖ ಇಳಿಯದಂತೆ ಹೊರಸೆಳೆಯುವ ನಳಿಕೆಗಳಿದ್ದವು, ಕ್ಯಾರಿಬೂ ಎಂಬ ಹಿಮಸಾರಂಗಗಳ ಹಿಂಡುಗಳು ದಾಟಲು ದಾರಿ ಬಿಡಲಾಗಿತ್ತು. ಆದರೆ ಈ ಕಥೆಯಲ್ಲಿ ಇನ್ನೊಂದು ಮುಖವೂ ಇದೆ. ನ್ಯಾಯಾಲಯದ ವ್ಯಾಜ್ಯ ಮುಂದುವರಿಯದಂತೆ 1973ರಲ್ಲಿ ಅಮೆರಿಕದ ಸಂಸತ್ತು ವಿಶೇಷ ಕಾನೂನನ್ನೇ ಮಾಡಿತು. ವಿನ್ಯಾಸ ಸುಧಾರಿಸಿದ್ದು ಹೌದು. ಕೊಳವೆ ಬೇಕೇ ಬೇಡವೇ ಎಂಬ ಪ್ರಶ್ನೆ ತೀರ್ಮಾನವಾದದ್ದು ರಾಜಕೀಯದ ಅಂಗಳದಲ್ಲಿ.

ಹಾನಿಯನ್ನು ತಗ್ಗಿಸುವ ಕ್ರಮಗಳಿಗೆ ಒಂದು ಆದ್ಯತೆಯ ಸರಣಿಯಿದೆ: ಮೊದಲು ತಪ್ಪಿಸುವುದು, ತಪ್ಪಿಸಲಾಗದ್ದನ್ನು ಕಡಿಮೆ ಮಾಡುವುದು, ಆದ ಹಾನಿಯನ್ನು ಸರಿಪಡಿಸುವುದು, ಕಡೆಗೆ ಉಳಿದದ್ದಕ್ಕೆ ಬೇರೆಡೆ ಪರಿಹಾರ ಕಲ್ಪಿಸುವುದು. ಬಹಳಷ್ಟು ವರದಿಗಳು ಈ ಸರಣಿಯನ್ನು ತಲೆಕೆಳಗಾಗಿಸಿ ಗಿಡ ನೆಡುವ ಭರವಸೆಯಿಂದಲೇ ಆರಂಭಿಸುತ್ತವೆ. ತಪ್ಪಿಸುವುದಕ್ಕೆ ಏಕೆ ಇಷ್ಟು ಮಹತ್ವ ಎಂಬುದು ಕೆನಡಾದ ಕ್ವಿಬೆಕ್ ಪ್ರಾಂತದ ಲಾ ಗ್ರಾಂಡ್ ಜಲವಿದ್ಯುತ್ ಯೋಜನೆಯಿಂದ ಗೊತ್ತಾಗುತ್ತದೆ. ಅಲ್ಲಿ ಜಲಾಶಯಗಳು ತುಂಬಿದ ಮೇಲೆ ಮುಳುಗಿದ ಮಣ್ಣು ಮತ್ತು ಸಸ್ಯರಾಶಿ ಕೊಳೆಯುವಾಗ ಸೂಕ್ಷ್ಮಜೀವಿಗಳು ಪಾದರಸವನ್ನು ಮೀಥೈಲ್ ಪಾದರಸ ಎಂಬ ವಿಷಕಾರಿ ರೂಪಕ್ಕೆ ಮಾರ್ಪಡಿಸಿದವು. ಅದು ಆಹಾರ ಸರಪಳಿಯಲ್ಲಿ ಮೇಲೇರುತ್ತಾ ಮೀನಿನಲ್ಲಿ ಶೇಖರವಾಯಿತು. ಮೀನನ್ನೇ ನೆಚ್ಚಿದ್ದ, ಅಲ್ಲಿನ ಮೂಲನಿವಾಸಿಗಳಾದ ಕ್ರೀ ಜನರ ಆರೋಗ್ಯದ ಸಮಸ್ಯೆಯನ್ನು ಎದುರಿಸಲು 1986ರಲ್ಲಿ ಪ್ರತ್ಯೇಕ ಒಪ್ಪಂದವೊಂದನ್ನೇ ಮಾಡಿಕೊಳ್ಳಬೇಕಾಯಿತು. ಮೀನಿನೊಳಗೆ ಸೇರಿದ ಪಾದರಸವನ್ನು ಹೊರತೆಗೆಯುವ ಯಾವ ನಿರ್ವಹಣಾ ಯೋಜನೆಯೂ ಇಲ್ಲ.

ಒಂದೊಂದಾಗಿ ನೋಡಿದರೆ ಚಿಕ್ಕದೆನಿಸುವ ಯೋಜನೆಗಳು ಒಟ್ಟಾಗಿ ಮಾಡುವ ಸಂಚಿತ ಪರಿಣಾಮ ಈ ವಿಧಾನದ ದುರ್ಬಲ ಅಂಗ. ಒಂದೇ ನದಿಯ ಮೇಲೆ ಸಾಲಾಗಿ ಬರುವ ಕಿರು ವಿದ್ಯುತ್ ಯೋಜನೆಗಳಲ್ಲಿ ಪ್ರತಿಯೊಂದೂ ತನ್ನ ಪಾಲಿನ ಚಿಕ್ಕ ಭಾಗವನ್ನಷ್ಟೇ ಲೆಕ್ಕ ಹಾಕುತ್ತದೆ. ಇಡೀ ಕಣಿವೆಗೆ, ಇಡೀ ವಿದ್ಯುತ್ ನೀತಿಗೆ ಮೊದಲೇ ಮೌಲ್ಯಮಾಪನ ನಡೆಸಬೇಕೆಂಬ ಯೋಚನೆ ಹುಟ್ಟಿದ್ದು ಈ ಕೊರತೆಯಿಂದ. ಯುರೋಪಿನಲ್ಲಿ ಅದಕ್ಕೆ 2001ರ ಪ್ರತ್ಯೇಕ ನಿರ್ದೇಶನವಿದೆ.

ಸಾರ್ವಜನಿಕರ ಅಹವಾಲು ಕೇಳುವ ಹಂತವನ್ನು ಪರಿಶೀಲಕರು ಕೇವಲ ಆಕ್ಷೇಪಣೆಗಳ ಪಟ್ಟಿ ಎಂದು ನೋಡಬಾರದು. ಕೆನಡಾದ ಮೆಕೆಂಜಿ ಕಣಿವೆಯ ಅನಿಲ ಕೊಳವೆಯ ಪ್ರಸ್ತಾವದ ಬಗ್ಗೆ ನ್ಯಾಯಮೂರ್ತಿ ಥಾಮಸ್ ಬರ್ಗರ್ 1974ರಿಂದ 1977ರವರೆಗೆ ನಡೆಸಿದ ವಿಚಾರಣೆ ಇದರ ಮಾದರಿ. ಅವರು ತಜ್ಞರನ್ನು ನಗರದಲ್ಲಿ ಕೇಳಿದಷ್ಟೇ ಗಂಭೀರವಾಗಿ ಉತ್ತರದ 35 ಊರುಗಳಿಗೆ ಹೋಗಿ ಅಲ್ಲಿನವರ ಮಾತನ್ನು ಅವರವರ ಭಾಷೆಯಲ್ಲೇ ಕೇಳಿದರು. ಎದುರು ಪಕ್ಷದವರಿಗೂ ತಜ್ಞರನ್ನು ನೇಮಿಸಿಕೊಳ್ಳಲು ಸರ್ಕಾರದ ಹಣ ಸಿಕ್ಕಿತು. ಕೊಳವೆ ಮಾರ್ಗವನ್ನು 10 ವರ್ಷ ಮುಂದೂಡಬೇಕು, ಉತ್ತರ ಯುಕಾನ್ ಮೂಲಕ ಎಂದಿಗೂ ಒಯ್ಯಬಾರದು ಎಂದು ಅವರು ಶಿಫಾರಸು ಮಾಡಿದರು. ಬೇಟೆಗಾರರಿಗೆ ಪ್ರಾಣಿಗಳ ದಾರಿಯ ಬಗ್ಗೆ, ಮೀನುಗಾರರಿಗೆ ಹರಿವಿನ ಏರಿಳಿತದ ಬಗ್ಗೆ ಇರುವ ತಿಳಿವಳಿಕೆ ಒಂದು ವರ್ಷದ ಸಮೀಕ್ಷೆಗೆ ದಕ್ಕುವಂಥದ್ದಲ್ಲ. ಅದನ್ನು ಮೂಲಸ್ಥಿತಿಯ ದತ್ತಾಂಶವೆಂದೇ ಎಣಿಸುವುದು ಸರಿಯಾದ ಕ್ರಮ.

ಈಗ ನಂಬಿಕೆಯ ಪ್ರಶ್ನೆ. ಹಣ ಕೊಡುವವರು ಯೋಜನಾ ಪ್ರವರ್ತಕರೇ ಆಗಿರುವುದು ಬಹುತೇಕ ಎಲ್ಲ ದೇಶಗಳ ಪದ್ಧತಿ. ಖರ್ಚನ್ನು ಅವರೇ ಭರಿಸಬೇಕೆಂಬ ತರ್ಕ ನ್ಯಾಯವಾದದ್ದೇ, ಆದರೆ ಅದರಿಂದ ಸಲಹೆಗಾರರ ಮೇಲೆ ಒತ್ತಡವಿರುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಕೆಲವು ದೇಶಗಳು ಇದಕ್ಕೆ ಸಾಂಸ್ಥಿಕ ಪರಿಹಾರ ಹುಡುಕಿವೆ. ನೆದರ್ಲೆಂಡ್ಸ್‌ನಲ್ಲಿ 1980ರ ದಶಕದಿಂದ ಇರುವ ಸ್ವತಂತ್ರ ಆಯೋಗವೊಂದು ವರದಿಗಳ ಗುಣಮಟ್ಟವನ್ನು ಪರಿಶೀಲಿಸಿ ತನ್ನ ಅಭಿಪ್ರಾಯವನ್ನು ಬಹಿರಂಗವಾಗಿ ಪ್ರಕಟಿಸುತ್ತದೆ. ಆದರೆ ಲೇಖಕರು ಯಾರೆಂಬುದನ್ನು ನೋಡಿ ವರದಿಯನ್ನು ನಂಬುವ ಅಥವಾ ತಿರಸ್ಕರಿಸುವ ಅಭ್ಯಾಸವನ್ನೇ ಬಿಡುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. ಅದರ ಬದಲಿಗೆ ಪ್ರತಿ ಮುನ್ನಂದಾಜಿನ ಬಗ್ಗೆ ಒಂದೇ ಪ್ರಶ್ನೆ ಕೇಳಿ: ಇದು ತಪ್ಪಾಗಿದ್ದರೆ ಮುಂದೆ ಅದು ಯಾರಿಗಾದರೂ ಗೊತ್ತಾಗುತ್ತದೆಯೇ?

ಎರಡು ಕಲ್ಪಿತ ವಾಕ್ಯಗಳನ್ನು ಹೋಲಿಸೋಣ. ‘ಗಣಿಗಾರಿಕೆಯಿಂದ ದೂಳಿನ ಪ್ರಮಾಣ ಅಲ್ಪ ಮಟ್ಟಿಗೆ ಹೆಚ್ಚಬಹುದು, ಸೂಕ್ತ ಕ್ರಮಗಳನ್ನು ಕೈಗೊಳ್ಳಲಾಗುವುದು’ ಎಂಬುದು ಮೊದಲನೆಯದು. ‘ಗಣಿಯ ಗಡಿಯಿಂದ 500 ಮೀಟರ್ ದೂರದ ಶಾಲೆಯ ಆವರಣದಲ್ಲಿ, ಒಣ ತಿಂಗಳುಗಳಲ್ಲಿ, ಪಿಎಂ10 (10 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ) ಕಣಗಳ 24 ಗಂಟೆಗಳ ಸರಾಸರಿ ಘನಮೀಟರಿಗೆ 15ರಿಂದ 25 ಮೈಕ್ರೋಗ್ರಾಂನಷ್ಟು ಏರುತ್ತದೆ. 25 ದಾಟಿದರೆ ಲಾರಿಗಳ ಓಡಾಟವನ್ನು ನಿಲ್ಲಿಸಲಾಗುವುದು’ ಎಂಬುದು ಎರಡನೆಯದು. ಮೊದಲ ವಾಕ್ಯವನ್ನು ಯಾವ ಘಟನೆಯೂ ಸುಳ್ಳು ಮಾಡಲಾರದು, ಆದ್ದರಿಂದ ಅದರಲ್ಲಿ ಮಾಹಿತಿಯೂ ಇಲ್ಲ. ಎರಡನೆಯ ವಾಕ್ಯ ಬರೆದವರು ಯಾರ ಹಣ ಪಡೆದಿದ್ದರೂ ತಮ್ಮನ್ನು ಪರೀಕ್ಷೆಗೆ ಒಡ್ಡಿಕೊಂಡಿದ್ದಾರೆ. ಜಾಗ, ಕಾಲ, ಪ್ರಮಾಣ, ಅನಿಶ್ಚಿತತೆಯ ವ್ಯಾಪ್ತಿ, ಮಿತಿ ಮೀರಿದಾಗಿನ ಕ್ರಮ, ಈ ಐದೂ ಅದರಲ್ಲಿವೆ.

ಅನಿಶ್ಚಿತತೆಯ ವ್ಯಾಪ್ತಿಯನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ರಾಲ್ಫ್ ಬಕ್ಲಿ ಅವರು ಆಸ್ಟ್ರೇಲಿಯಾದ ವರದಿಗಳಲ್ಲಿ ಪರೀಕ್ಷೆಗೆ ಒಳಪಡುವಂತಿದ್ದ ಪರಿಮಾಣಾತ್ಮಕ ಮುನ್ನಂದಾಜುಗಳನ್ನು ನಂತರದ ಅಳತೆಗಳ ಜೊತೆ ಹೋಲಿಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವುಗಳ ಸರಾಸರಿ ನಿಖರತೆ ಸುಮಾರು ಶೇ 44 ಎಂದು ಕಂಡುಬಂದಿತ್ತು. ಇದನ್ನು ಓದಿ ಇಡೀ ವಿಧಾನವೇ ವ್ಯರ್ಥವೆಂದು ಹೇಳುವವರಿದ್ದಾರೆ. ನಾನು ಹಾಗೆ ಭಾವಿಸುವುದಿಲ್ಲ. ಸಂಕೀರ್ಣವಾದ ನಿಸರ್ಗದ ಬಗ್ಗೆ ಇಷ್ಟು ತಪ್ಪುವುದು ಸಹಜ. ತಪ್ಪಿದ್ದು ಎಷ್ಟು ಎಂದು ತಿಳಿಯಲು ಸಾಧ್ಯವಾದದ್ದು ಅವರು ಅಂಕಿ ಕೊಟ್ಟಿದ್ದರಿಂದ, ನಂತರ ಯಾರೋ ಅಳೆದದ್ದರಿಂದ. ಹೆಚ್ಚಿನ ವರದಿಗಳಲ್ಲಿ ಅಷ್ಟು ಮಟ್ಟದ ತಪ್ಪು ಮಾಡಲೂ ಅವಕಾಶವಿರುವುದಿಲ್ಲ.

ಆದ್ದರಿಂದ ವರದಿಯೊಂದು ಕೈಗೆ ಬಂದಾಗ ಪುಟದ ಅನುಕ್ರಮದಲ್ಲಿ ಓದಬೇಡಿ. ಮೊದಲು ಪರ್ಯಾಯಗಳ ಅಧ್ಯಾಯವನ್ನು ತೆರೆಯಿರಿ. ಅಲ್ಲಿ ತಿರಸ್ಕೃತವಾದ ಪರ್ಯಾಯಗಳು ಯಾರೂ ಒಪ್ಪದಂತಹ ಅಸಂಬದ್ಧ ಆಯ್ಕೆಗಳಾಗಿದ್ದರೆ, ತೀರ್ಮಾನ ಮೊದಲೇ ಆಗಿದೆಯೆಂದು ತಿಳಿಯಬಹುದು. ನಂತರ ಮಾದರಿ ತೆಗೆದ ಸ್ಥಳಗಳ ನಕ್ಷೆ ಮತ್ತು ದಿನಾಂಕಗಳನ್ನು ನೋಡಿ, ಯಾವ ಋತು, ಯಾವ ದಿಕ್ಕು ಬಿಟ್ಟುಹೋಗಿದೆ ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಅಹವಾಲಿನಲ್ಲಿ ಜನ ಎತ್ತಿದ ಪ್ರಶ್ನೆಗಳಲ್ಲಿ ಎಷ್ಟಕ್ಕೆ ಮುಖ್ಯ ಅಧ್ಯಾಯಗಳಲ್ಲಿ ಬದಲಾವಣೆಯಾಗಿದೆ, ಎಷ್ಟಕ್ಕೆ ಅನುಬಂಧದಲ್ಲಿ ‘ಗಮನಿಸಲಾಗಿದೆ’ ಎಂಬ ಒಂದು ಪದ ಸಿಕ್ಕಿದೆ ಎಂದು ಎಣಿಸಿ. ಮುನ್ನಂದಾಜಿನ ಅಧ್ಯಾಯಗಳಿಗೆ ಹೋಗುವುದು ಇದಾದ ನಂತರ.

ಕಡೆಯದಾಗಿ ಉಸ್ತುವಾರಿಯ ಅಧ್ಯಾಯವನ್ನು ಮುನ್ನಂದಾಜುಗಳ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೊಂದಿಸಿ ನೋಡಿ. ಪ್ರತಿ ಮುಖ್ಯ ಮುನ್ನಂದಾಜಿಗೂ ಅದನ್ನು ಪರೀಕ್ಷಿಸುವ ಒಂದು ಅಳತೆ, ಅಳೆಯುವ ಹೊಣೆಗಾರರು, ಫಲಿತಾಂಶವನ್ನು ಪ್ರಕಟಿಸುವ ಜಾಗ, ಮತ್ತು ಅದಕ್ಕೆ ಮೀಸಲಿಟ್ಟ ಹಣ ಇವೆಯೇ? ಇಲ್ಲದಿರುವ ಪ್ರತಿ ಸಾಲಿಗೂ ನಿಮ್ಮ ತಂಡ ಒಂದೊಂದು ಷರತ್ತನ್ನು ಬರೆಯಬಹುದು. ಒಪ್ಪಿಗೆಯ ಪತ್ರದಲ್ಲಿ ಅಂತಹ ಷರತ್ತನ್ನು ಸೇರಿಸುವ ಅಧಿಕಾರ ನಿಮ್ಮ ತಂಡಕ್ಕೆ ಇಲ್ಲದಿದ್ದರೂ, ಕೊರತೆಯನ್ನು ಟಿಪ್ಪಣಿಯಲ್ಲಿ ದಾಖಲಿಸಿಡಿ. ಮುಂದೆ ನ್ಯಾಯಾಲಯವಾಗಲಿ, ಲೆಕ್ಕಪರಿಶೋಧಕರಾಗಲಿ, ಹಾನಿಗೊಳಗಾದವರಾಗಲಿ ಕಡತವನ್ನು ತೆರೆದಾಗ ಮೊದಲು ಹುಡುಕುವುದು ಆ ಟಿಪ್ಪಣಿಯನ್ನೇ.